ಬರ್ಮಾ ಕತ್ತಿ

ನಮ್ಮನೇಲಿ ಅದಕ್ಕೆ ಬರ್ಮಾ ಕತ್ತಿ ಅಂತಾನೇ ಹೆಸರು. ಬೇರೆ ಕತ್ತಿ ಕುಡುಗೋಲು ಮಚ್ಚು ಎಲ್ಲಾ ಹಿತ್ತಿಲ ಗೋಡೆಗೆ ಸಿಕ್ಕಿಸಿರ್ತಾ ಇದ್ವು, ಇದು ಮಾತ್ರ ಹಳೇ ಟ್ರಂಕಿನೊಳಗೆ ತಾತನ ಕಂಬಳಿ ಮಡಿಕೆಯಲ್ಲಿ ಮಲಗಿರೋದು. ವರ್ಷಕ್ಕೊಂದು ಸಲ ಆಯುಧ ಪೂಜೆ ದಿನ ಹೊರಗೆ ಬರೋದು, ಟಿಲ್ಲರ್ ಪಕ್ಕ, ಪಂಪ್‌ಸೆಟ್ ಸ್ಟಾರ್ಟರ್ ಪಕ್ಕ, ನನ್ನ ಬೈಕ್ ಪಕ್ಕ ಒಂದು ಮಣೆ ಮೇಲೆ ಕೂರೋದು, ಅಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟು ಕಥೆ ಶುರು ಮಾಡೋರು. ತಾತ ಸೈನ್ಯದ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದಿದ್ದು, ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದು, ಕಾಡಲ್ಲಿ ಕತ್ತಲಲ್ಲಿ ಜಪಾನಿನೋನೊಬ್ಬ ಮೇಲೆ ಬಿದ್ದಿದ್ದು, ತಾತ ಈ ಕತ್ತಿಯಿಂದ... ಅಲ್ಲಿಗೆ ಅಪ್ಪ ನಿಲ್ಲಿಸಿ ನಮ್ಮ ಮುಖ ನೋಡೋರು. ಮುಂದಿಂದು ಯಾವತ್ತೂ ಹೇಳ್ತಾ ಇರಲಿಲ್ಲ. ಹೇಳೋದು ಬೇಕಾಗಿರಲೂ ಇಲ್ಲ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕು. ರೇಷ್ಮೆ ಮನೆ. ನಾನು ಬೆಂಗಳೂರಲ್ಲಿ ಒಂದು ಟೂಲ್ ರೂಮ್‌ನಲ್ಲಿ ಹದಿನೆಂಟು ವರ್ಷದಿಂದ ಡೈ, ಅಂದ್ರೆ ಲೋಹದ ಅಚ್ಚು ಮಾಡ್ಕೊಂಡು ಇದೀನಿ, ಅಂದ್ರೆ ಉಕ್ಕು ನೋಡಿದ್ರೆ ಒಂದಿಷ್ಟು ಮಾತಾಡಿಸೋಕೆ ಬರುತ್ತೆ. ಆದ್ರೂ ಈ ಕತ್ತಿನ ಸರಿಯಾಗಿ ಕೈಗೆತ್ತಿಕೊಂಡು ನೋಡಿದ್ದು ಹೋದ ವರ್ಷ. ಹಳೇ ಮನೆ ಹೆಂಚು ಇಳಿಸಬೇಕಾಗಿತ್ತು, ಟ್ರಂಕು ಬೇರೆ ಕಡೆಗೆ ಹೋಗಬೇಕಾಗಿತ್ತು. ಫ್ಯಾಮಿಲಿ ವಾಟ್ಸಾಪ್ ಗುಂಪಲ್ಲಿ ಫೋಟೋ ಹಾಕಿದ್ದೇ ತಡ, ಒಬ್ಬರು ಟಿಪ್ಪು ಕಾಲದ್ದು ಅಂದ್ರು, ಇನ್ನೊಬ್ಬರು ಕಮಾಂಡೋ ನೈಫ್ ಅಂದ್ರು, ಮಾವನ ಮಗ ಒಬ್ಬ ಲಕ್ಷಗಟ್ಟಲೆ ಬೆಲೆ ಬಾಳುತ್ತೆ ಮಾರಬೇಡಿ ಅಂತ ಮೂರು ಸಲ ಬರೆದ. ಅವನಿಗೆ ಮಾರ್ತೀವಿ ಅಂತ ಯಾರು ಹೇಳಿದ್ರೋ.

ಕಮಾಂಡೋ ನೈಫ್ ಅಲ್ಲ ಅನ್ನೋದು ನಿಮಿಷದಲ್ಲಿ ಗೊತ್ತಾಗುತ್ತೆ. ಬ್ರಿಟಿಷರ ಹೆಸರಾಂತ ಕಮಾಂಡೋ ಚಾಕು ಫೇರ್‌ಬೈರ್ನ್ ಸೈಕ್ಸ್, 1941ರಲ್ಲಿ ವಿಲ್ಕಿನ್‌ಸನ್ ಕಂಪನಿ ಮಾಡೋಕೆ ಶುರು ಮಾಡಿದ್ದು, ಎರಡೂ ಕಡೆ ಧಾರೆ, ಹಿಡಿ ಪೂರ್ತಿ ಲೋಹ, ಸೌತೆಕಾಯಿ ಥರ ಸಪೂರ. ನಮ್ಮದಕ್ಕೆ ಮರದ ಹಿಡಿ, ಎರಡು ಹಲಗೆ ಎರಡು ಸ್ಕ್ರೂ. ಅದಕ್ಕಿಂತ ಮುಖ್ಯ, ಹಿಡಿ ಮುಂದಿನ ಅಡ್ಡಪಟ್ಟಿಯಲ್ಲಿ ಬಳೆ ಥರ ಒಂದು ತೂತು. ಚಿಕ್ಕೋನಿದ್ದಾಗ ಅದರೊಳಗೆ ಹಿಪ್ಪುನೇರಳೆ ಕಡ್ಡಿ ಸಿಕ್ಕಿಸಿ ಆಡ್ತಾ ಇದ್ದೆ, ಯಾಕೆ ಅಲ್ಲಿ ತೂತು ಇದೆ ಅಂತ ಒಂದು ದಿನಾನೂ ಕೇಳಿರಲಿಲ್ಲ. ಹಿಡಿ ತುದಿಯಲ್ಲಿ ಉಕ್ಕಿನ ಗುಂಡಿ ಒತ್ತಿದ್ರೆ ಒಳಗಿನ ಸ್ಪ್ರಿಂಗ್ ಇನ್ನೂ ಟಕ್ ಅನ್ನುತ್ತೆ, ಹಿಂದೆ ಉದ್ದಕ್ಕೆ ಕೊರೆದ ಒಂದು ಸಂದು. ಬಳೆ ಬಂದೂಕಿನ ಮೂತಿ ಕೆಳಗಿನ ಗುಬ್ಬಿಗೆ, ಸಂದು ಅದರ ಹಿಂದಿನ ಕೊಂಡಿಗೆ. ಅಂದ್ರೆ ಇದು ಕತ್ತಿನೇ ಅಲ್ಲ, ಬಯೋನೆಟ್ಟು. ಬಂದೂಕನ್ನ ಈಟಿ ಮಾಡೋ ಸಾಮಾನು.

ಹೆಸರು ಸಿಕ್ತು. ವಯಸ್ಸು?

ಇಂಥದಕ್ಕೆ ಜಾತಕ ಬರೆದಿರೋದು ಹಿಡಿಗೂ ಅಲಗಿಗೂ ಮಧ್ಯೆ ಇರೋ ಚಪ್ಪಟೆ ಜಾಗದಲ್ಲಿ, ಎರಡೂ ಮೈಯಲ್ಲಿ. ನಮ್ಮ ಕತ್ತಿಯಲ್ಲಿ ಅಲ್ಲೇನಿದೆ ಅಂದ್ರೆ ಕುಂಕುಮ. ಅಪ್ಪ ಪ್ರತಿ ವರ್ಷ ಬೊಟ್ಟು ಇಡೋ ಜಾಗ ಅದೇ, ಅವರಿಗಿಂತ ಮುಂಚೆ ತಾತ ಇಟ್ಟಿದ್ದೂ ಅದೇ ಜಾಗ. ಕುಂಕುಮ, ಎಣ್ಣೆ, ಊದಿನಕಡ್ಡಿ ಹೊಗೆ, ಧೂಳು, ಮೇಲೆ ಮತ್ತೆ ಕುಂಕುಮ. ಗೋಡೆಗೆ ಸುಣ್ಣ ಬಳಿದ ಹಾಗೆ ಪದರ ಪದರ ಕೂತು ಕಪ್ಪು ಕೆಂಪು ಹಕ್ಕಳೆ ಆಗಿತ್ತು, ಉಗುರಲ್ಲಿ ಕೆರೆದ್ರೆ ಬರಲ್ಲ.

ಇಲ್ಲಿ ನನ್ನದೊಂದು ತಪ್ಪು ಒಪ್ಕೋಬೇಕು. ಪಿಯುಸಿ ಓದೋವಾಗ ಒಂದ್ಸಲ ಇದನ್ನ ಫಳಫಳ ಮಾಡ್ತೀನಿ ಅಂತ ಎಮರಿ ಪೇಪರ್ ತಗೊಂಡು ಒಂದು ಮೈ ಉಜ್ಜಿದ್ದೆ, ಆಮೇಲೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದ್ದೆ, ಅಜ್ಜಿ ತಾಮ್ರದ ಚೊಂಬಿಗೆ ಮಾಡೋ ಹಾಗೆ. ಹುಣಸೆ ಹುಳಿ ತಾಮ್ರಕ್ಕೆ ಸರಿ, ಉಕ್ಕಿಗೆ ಅದು ಆಸಿಡ್ಡು. ಮೈ ಬೂದು ಬಣ್ಣಕ್ಕೆ ತಿರುಗಿತ್ತು, ಅಪ್ಪ ಬೈದು ಕಿತ್ಕೊಂಡ್ರು. ಆ ಮೈಯಲ್ಲಿ ಇದ್ದ ಸಣ್ಣ ಸಣ್ಣ ಮುದ್ರೆ ಅರ್ಧಕ್ಕರ್ಧ ಹೋಗಿದೆ. ಈಗ ದಿನಾ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡೋನು ನಾನು, ಅದನ್ನ ನೋಡಿದಾಗೆಲ್ಲ ಆ ಹುಡುಗನ ಕಿವಿ ಹಿಂಡಬೇಕು ಅನ್ಸುತ್ತೆ. ನಿಮ್ಮನೇಲೂ ಇಂಥದ್ದೇನಾದ್ರೂ ಇದ್ರೆ ದಯವಿಟ್ಟು ಎಮರಿ, ಹುಳಿ, ಬಫಿಂಗ್ ಯಾವುದೂ ಬೇಡ. ಹೊಲಿಗೆ ಮಿಷನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆನೂ ಬೇಡ, ಅದು ವರ್ಷ ಕಳೆದ ಹಾಗೆ ಅಂಟಾಗುತ್ತೆ. ಚರ್ಮದ ಒರೆಯೊಳಗೆ ಇಟ್ಟು ಮರೆಯೋದಂತೂ ಬೇಡವೇ ಬೇಡ, ಚರ್ಮ ತೇವ ಹಿಡಿದು ತುಕ್ಕು ಬರ್ಸುತ್ತೆ. ನಮ್ಮದರ ಒರೆ ಎಲ್ಲೋ ಕಳೆದೇ ಹೋಗಿತ್ತು, ಕಂಬಳಿಯಲ್ಲಿ ಇದ್ದಿದ್ದಕ್ಕೇ ಉಳ್ಕೊಂತು ಅನ್ಸುತ್ತೆ.

ಕುಂಕುಮದ ಮೈಗೆ ಎಣ್ಣೆ ಬಟ್ಟೆ ಸುತ್ತಿ ಎರಡು ರಾತ್ರಿ ಬಿಟ್ಟೆ. ಮೂರನೇ ದಿನ ಬಿದಿರು ಕಡ್ಡಿ ಮೊನೆ ಮಾಡ್ಕೊಂಡು ನಿಧಾನಕ್ಕೆ ಎಬ್ಬಿಸಿದೆ, ಹಳೇ ಟೂತ್‌ಬ್ರಷ್‌ನಲ್ಲಿ ಒರೆಸಿದೆ. ಕೆಂಪು ಕೆಸರು ಬರ್ತಾನೇ ಇತ್ತು. ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ನೇರ ಹಿಡೀದೆ ಅಲಗಿನ ಮಟ್ಟಕ್ಕೆ ಪಕ್ಕದಿಂದ ಹಿಡಿದೆ, ಆಗ ಅಕ್ಷರದ ಗುಂಡಿಯಲ್ಲೆಲ್ಲಾ ನೆರಳು ನಿಲ್ಲುತ್ತೆ. ಮೊದಲು ಕಂಡಿದ್ದು ಕಿರೀಟ. ಅದರ ಕೆಳಗೆ ಜಿ ಆರ್, ಅಂದ್ರೆ ಜಾರ್ಜ್ ರಾಜ. ಅದರ ಕೆಳಗೆ ಸ್ಪಷ್ಟವಾಗಿ 1907.

ಅಪ್ಪನ್ನ ಕೂಗಿದೆ. ಅವರು ಕನ್ನಡಕ ಹಾಕ್ಕೊಂಡು ಬಂದು ನೋಡಿದ್ದೇ, ‘ನೂರಾ ಚಿಲ್ಲರೆ ವರ್ಷ ಆಯ್ತಲ್ಲೋ’ ಅಂದ್ರು, ಫೋನ್ ಎತ್ಕೊಂಡು ಯಾರ್ಯಾರಿಗೋ ಹೇಳಿದ್ದೂ ಆಯ್ತು.

ಎಲ್ಲರೂ ಬೀಳೋ ಗುಂಡಿ ಇದೇ. 1907 ಅಂದ್ರೆ ಕತ್ತಿ ಹುಟ್ಟಿದ ವರ್ಷ ಅಲ್ಲ, ಅದರ ಮಾದರಿಯ ವರ್ಷ. ಪ್ಯಾಟರ್ನ್ 1907 ಬಯೋನೆಟ್ ಅಂತಲೇ ಅದಕ್ಕೆ ಹೆಸರು. ಬ್ರಿಟಿಷರು ಆಗಷ್ಟೇ ತಮ್ಮ ಲೀ ಎನ್‌ಫೀಲ್ಡ್ ಬಂದೂಕನ್ನ ಗಿಡ್ಡ ಮಾಡಿದ್ರು, ಬಂದೂಕು ಗಿಡ್ಡ ಆದ್ರೆ ಎದುರಾಳಿಗೆ ಎಟುಕೋ ಉದ್ದ ಕಮ್ಮಿ ಆಗುತ್ತಲ್ಲ, ಅದನ್ನ ತುಂಬೋಕೆ ಬಯೋನೆಟ್ ಅಲಗನ್ನ 17 ಇಂಚಿಗೆ ಎಳೆದ್ರು. ಮೊದಮೊದಲು ಅಡ್ಡಪಟ್ಟಿಗೆ ಒಂದು ಕೊಕ್ಕೆನೂ ಇತ್ತು, 1913ರಲ್ಲಿ ಅದು ಬೇಡ ಅಂತ ತೆಗೆದ್ರು. 1916ರಲ್ಲಿ ಹಿಡಿ ತುದಿಗೆ ಒಂದು ಸಣ್ಣ ತೂತು ಕೊರೆಯೋಕೆ ಶುರು ಮಾಡಿದ್ರು, ಸಂದಿನಲ್ಲಿ ಕೂತ ಮಣ್ಣು ಕಸ ಹೊರಗೆ ತಳ್ಳೋಕೆ. ನಮ್ಮದಕ್ಕೆ ಕೊಕ್ಕೆ ಇಲ್ಲ, ತೂತು ಇದೆ. ಹಳೇ ಬಯೋನೆಟ್ಟುಗಳಿಗೂ ಆಮೇಲೆ ಕೊಕ್ಕೆ ಕತ್ತರಿಸಿ ತೂತು ಕೊರೆದಿದ್ದುಂಟು, ಹಾಗಾಗಿ ಬರೀ ಇದನ್ನ ನಂಬ್ಕೊಂಡು ವರ್ಷ ಹೇಳೋ ಹಾಗಿಲ್ಲ, ಮುದ್ರೆ ಬೇಕೇ ಬೇಕು.

ಮುದ್ರೆ ಇತ್ತು. 1907ರ ಕೆಳಗೆ ಇನ್ನೊಂದು ಸಾಲು, ಕುಂಕುಮ ಅಲ್ಲೇ ಜಾಸ್ತಿ ಗಟ್ಟಿ ಆಗಿದ್ದು. ಟಾರ್ಚಿಗೂ ಬಗ್ಗಲಿಲ್ಲ, ಆಗ ತೆಳ್ಳಗಿನ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಅಡ್ಡ ಮಾಡಿ ಉಜ್ಜಿದೆ, ಸ್ಕೂಲಲ್ಲಿ ನಾಣ್ಯದ ಚಿತ್ರ ತೆಗೀತಿದ್ವಲ್ಲ ಹಂಗೆ. 5, ಒಂದು ಸಣ್ಣ ಗೆರೆ, 17. ಮೇ 1917. ಅದರ ಕೆಳಗೆ ಇಂಗ್ಲಿಷ್ ಅಕ್ಷರದ ಬಾಲ ಮಾತ್ರ, ಡರ್ಸನ್. ಪೂರ್ತಿ ಓದಿದ್ರೆ ಸ್ಯಾಂಡರ್ಸನ್. ಇಂಗ್ಲೆಂಡಿನ ಶೆಫೀಲ್ಡ್‌ನವರು. ಶೆಫೀಲ್ಡ್ ಅಂದ್ರೆ ನಮ್ಮ ಕಸುಬಿನೋರಿಗೆ ತವರು ಇದ್ದ ಹಾಗೆ, ನಾನು ಕೆಲಸ ಕಲಿತ ಜಾಗದಲ್ಲಿ ಹಳೇ ಅರಗಳ ಮೇಲೆಲ್ಲಾ ಆ ಊರಿನ ಹೆಸರು ಇರೋದು. ಅಲ್ಲಿಂದ ಹೊರಟಿದ್ದು ನಮ್ಮ ಟ್ರಂಕಿನಲ್ಲಿ ಬಂದು ಬಿದ್ದಿದೆ ಅಂತ ತಿಳಿದಾಗ ರೋಮಾಂಚನ ಆಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ.

1917 ಅಂತ ಗುಂಪಲ್ಲಿ ಹಾಕಿದ್ದಕ್ಕೆ ಚಿಕ್ಕಪ್ಪ ತಕ್ಷಣ ಹೈಫಾ ಅಂದ್ರು. 1918ರ ಸೆಪ್ಟೆಂಬರ್ 23ಕ್ಕೆ ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಸೇರಿ ಕುದುರೆ ಮೇಲೆ ನುಗ್ಗಿ ಈಗಿನ ಇಸ್ರೇಲಿನಲ್ಲಿರೋ ಹೈಫಾ ಊರು ಗೆದ್ದಿದ್ದು ನಿಜ, ಹೆಮ್ಮೆ ಪಡೋ ವಿಷಯನೇ. ಆದ್ರೆ ಚಿಕ್ಕಪ್ಪ, ತಾತ ಆಗಿನ್ನೂ ಹುಟ್ಟೇ ಇರಲಿಲ್ಲ ಅಂತ ಬರೆದೆ. ಅದಕ್ಕೆ ಅವರು ಕೈ ಮುಗಿಯೋ ಚಿತ್ರ ಹಾಕಿದ್ರು.

ನನಗೆ ಅಷ್ಟೊತ್ತಿಗೆ ಬೇರೆ ತಲೆಬಿಸಿ. ಪುಸ್ತಕದ ಪ್ರಕಾರ ಅಲಗು 17 ಇಂಚು ಇರಬೇಕು. ನಮ್ಮದು ಸ್ಕೇಲ್ ಇಟ್ರೆ 12ಕ್ಕೂ ಒಂದು ಕೂದಲು ಕಮ್ಮಿ. ಮುರಿದು ಹೋಗಿ ಊರ ಕಮ್ಮಾರ ಮೊನೆ ಮಾಡಿದ್ದಾ? ಸೂಕ್ಷ್ಮ ಅಳತೆಯ ವರ್ನಿಯರ್ ತಗೊಂಡು ಕೂತೆ. ಮೊನೆಯ ಇಳಿಜಾರು ಎರಡೂ ಕಡೆ ಸಮ, ಗೆರೆ ಎಳೆದ ಹಾಗೆ, ಇದು ಒಬ್ಬ ಅಂದಾಜಿಗೆ ಉಜ್ಜಿದ ಕೆಲಸ ಅಲ್ಲ, ಅಲ್ಲಾಡದ ಹಾಗೆ ಹಿಡಿಯೋ ಫಿಕ್ಸ್ಚರ್‌ನಲ್ಲಿ ಕೂರಿಸಿ ಸಾಲಾಗಿ ಮಾಡಿದ ಕೆಲಸ. ಗುಟ್ಟು ಬಿಟ್ಟುಕೊಟ್ಟಿದ್ದು ಅಲಗಿನ ಉದ್ದಕ್ಕೂ ಇರೋ ಗ್ರೂವ್. ತೂಕ ಇಳಿಸೋಕೆ ಎರಡೂ ಮೈಯಲ್ಲಿ ಕಾಲುವೆ ಥರ ಒಂದು ಹಳ್ಳ ತೋಡಿರ್ತಾರೆ. ಮೂಲ ಬಯೋನೆಟ್‌ನಲ್ಲಿ ಅದು ಮೊನೆಗೆ ಇನ್ನೂ ಕೆಲವು ಇಂಚು ಇರೋವಾಗಲೇ ದುಂಡಗೆ ಮುಗಿಯುತ್ತೆ. ನಮ್ಮದರಲ್ಲಿ ಮುಗಿಯೋದೇ ಇಲ್ಲ, ಸೀದಾ ಹೋಗಿ ಮೊನೆಯಲ್ಲಿ ಬಯಲಾಗುತ್ತೆ. ಕೆರೆಗೆ ಸೇರಬೇಕಾದ ಕಾಲುವೆ ನಡುವೆ ರಸ್ತೆ ಕಡಿದ್ರೆ ಹೆಂಗೆ ಕಾಣುತ್ತೋ ಹಂಗೆ. ಹೆಬ್ಬೆರಳು ಅದರೊಳಗೆ ಇಟ್ಟು ಜಾರಿಸಿದ್ರೆ ತುದಿವರೆಗೂ ತಡೆಯೇ ಸಿಗಲ್ಲ. ಉದ್ದ ಇದ್ದಿದ್ದನ್ನ ಕತ್ತರಿಸಿದ್ದಾರೆ.

ಯಾರು, ಯಾವಾಗ ಅಂದ್ರೆ, ಇಂಡಿಯಾದಲ್ಲೇ, ಎರಡನೇ ಮಹಾಯುದ್ಧದ ಹೊತ್ತಿಗೆ. ಕಾಡಿನ ಯುದ್ಧಕ್ಕೆ 17 ಇಂಚಿನ ಕತ್ತಿ ದೊಡ್ಡ ತಲೆನೋವು, ಬಿದಿರು ಮೆಳೆಯಲ್ಲಿ ಸಿಕ್ಕಿಕೊಳ್ಳುತ್ತೆ, ಸೊಂಟದಲ್ಲಿ ಕಟ್ಟಿದ್ರೆ ಕಾಲಿಗೆ ಬಡಿಯುತ್ತೆ. ಹಳೇವನ್ನ 12 ಇಂಚಿಗೆ ಇಳಿಸಿದ್ರು, ಹೊಸವನ್ನೂ ಅದೇ ಅಳತೆಗೆ ಕಲ್ಕತ್ತಾ ಹತ್ತಿರದ ಇಶಾಪುರ ರೈಫಲ್ ಫ್ಯಾಕ್ಟರಿಯಲ್ಲಿ ಮಾಡಿದ್ರು. ತಮಾಷೆ ಏನಂದ್ರೆ 1907ರದಕ್ಕಿಂತ ಮುಂಚಿನ 1903ರ ಮಾದರಿ ಇದ್ದಿದ್ದೂ 12 ಇಂಚೇ. ಎಳೆದಿದ್ದೇ ಎಳೆದಿದ್ದು, ಕೊನೆಗೆ ಮತ್ತೆ ಹಳೇ ಅಳತೆಗೆ ಬಂದು ನಿಂತ್ರು. ನಮ್ಮ ಡಿಸೈನ್ ವಿಭಾಗದೋರನ್ನ ನೆನೆಸ್ಕೊಂಡೆ.

ನಾನು ಹಾಳು ಮಾಡಿದ ಆ ಇನ್ನೊಂದು ಮೈಯಲ್ಲೂ ಎರಡು ಗುರುತು ಹೇಗೋ ಉಳ್ಕೊಂಡಿವೆ. ಒಂದು ಇಂಟು ಮಾರ್ಕು, ಅಲಗನ್ನ ಬಗ್ಗಿಸಿ ನೋಡಿ ಪಾಸಾಯ್ತು ಅಂತ ಹೊಡೆಯೋ ಮುದ್ರೆ. ಇನ್ನೊಂದು ಕೋಳಿ ಹೆಜ್ಜೆ ಥರದ ಬಾಣ, ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನೋದಕ್ಕೆ ಹಾಕ್ತಿದ್ದ ಗುರುತು, ಅದರ ಜೊತೆಗೆ ಐ ಅಕ್ಷರ, ಅಂದ್ರೆ ಇಂಡಿಯಾ ಸೈನ್ಯದ ಲೆಕ್ಕಕ್ಕೆ ಸೇರಿದ್ದು. ಹಿಡಿ ತುದಿಯ ಗುಂಡಿ ಪಕ್ಕ ಯಾವುದೋ ನಂಬರ್ ಗುದ್ದಿದ್ದಾರೆ, ನಮ್ಮ ಟೂಲ್ ರೂಮ್‌ನಲ್ಲಿ ಅಳತೆ ನೋಡೋ ಪ್ರತಿ ಗೇಜಿಗೂ ನಂಬರ್ ಗುದ್ದಿ ರಿಜಿಸ್ಟರ್‌ನಲ್ಲಿ ಬರೆಯೋ ಹಾಗೆ.

ಅಂದ್ರೆ ಈ ಒಂದು ಅಲಗಿಗೆ ಮೂರು ವಯಸ್ಸು. ಮಾದರಿಗೆ 1907, ಉಕ್ಕಿಗೆ 1917, ಈಗಿನ ಆಕಾರಕ್ಕೆ ನಲವತ್ತರ ದಶಕ. ಇದನ್ನ ಆಂಟಿಕ್ ಅನ್ನಬಹುದಾ ಅಂತ ಮಾವನ ಮಗ ಕೇಳಿದ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ಇಂಥ ವಸ್ತುಗಳಿಗೆ ನೂರು ವರ್ಷ ತುಂಬಿರಬೇಕು. ಹುಟ್ಟಿದ ದಿನ ಹಿಡಿದ್ರೆ ತುಂಬಿದೆ, ಕತ್ತರಿಸಿದ ದಿನ ಹಿಡಿದ್ರೆ ಇನ್ನೂ ಕಾಯಬೇಕು, ಯಾವುದು ಹಿಡಿಯೋದು ನೀನೇ ಹೇಳಪ್ಪ ಅಂದೆ. ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಂತೂ ಬಯೋನೆಟ್ ಅಂತ ಹೆಸರು ಹಿಡಿದೇ ಇದೆ, ಕೃಷಿಗೆ ಮನೆಗೆಲಸಕ್ಕೆ ಅಂತ ಮಾಡಿದ ಕತ್ತಿಗೆ ಇರೋ ವಿನಾಯಿತಿ ಇದಕ್ಕೆ ಇಲ್ಲ. ಹಾಗಾಗಿ ಬಸ್ಸಲ್ಲಿ ಚೀಲದಲ್ಲಿ ಹಾಕ್ಕೊಂಡು ಬೆಂಗಳೂರಿಗೆ ತೋರಿಸೋಕೆ ತರೋ ಯೋಚನೆ ಅಲ್ಲಿಗೇ ಬಿಟ್ಟೆ, ಅಳತೆ ಫೋಟೋ ಪೆನ್ಸಿಲ್ ಹಾಳೆ ಅಷ್ಟೇ ನನ್ನ ಜೊತೆ ಬಂದಿದ್ದು.

ಇನ್ನೊಂದು ವಿಷಯ ಓದ್ತಾ ಓದ್ತಾ ಸಿಕ್ತು, ಅದನ್ನ ಅಪ್ಪನಿಗೆ ಹೆಂಗೆ ಹೇಳೋದು ಅಂತ ಒಂದು ವಾರ ಯೋಚನೆ ಮಾಡಿದೆ. ಈ 1907ರ ಮಾದರಿಯನ್ನ ಬ್ರಿಟಿಷರು ಎಲ್ಲಿಂದ ತಗೊಂಡ್ರು ಅಂದ್ರೆ ಜಪಾನಿನಿಂದ. ಜಪಾನಿನವರು 1897ರಲ್ಲೇ ಟೈಪ್ 30 ಅಂತ ಒಂದು ಉದ್ದ ಬಯೋನೆಟ್ ಮಾಡಿದ್ರು, ಅದನ್ನ ನೋಡಿ ಮಾಡಿದ್ದು ಇದು, ಆ ಕೊಕ್ಕೆನೂ ಅವರದೇ. ಬರ್ಮಾದಲ್ಲಿ ಎದುರಾಬದುರಾ ನಿಂತವರ ಬಂದೂಕಿನ ತುದಿಯಲ್ಲಿ ಇದ್ದಿದ್ದು ಅಣ್ಣ ತಮ್ಮ. ಹೇಳಿದೆ ಕೊನೆಗೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಅದಕ್ಕೇ ಅವನು ಹೆದರಿದ್ದು’ ಅಂದ್ರು. ಕಥೆ ಒಂದು ಸಾಲು ಮುಂದೆ ಹೋಯ್ತು.

ಆದ್ರೆ ಒಂದು ಮುಳ್ಳು ನನಗೆ ಚುಚ್ತಾನೇ ಇತ್ತು. ನಂಬರ್ ಗುದ್ದಿದ ಸಾಮಾನು ಅಂದ್ರೆ ಲೆಕ್ಕದ ಸಾಮಾನು. ಸೈನ್ಯದಿಂದ ಬಿಡುಗಡೆ ಆಗೋವಾಗ ಬಂದೂಕು ಬಯೋನೆಟ್ ಎಲ್ಲಾ ಸ್ಟೋರಿಗೆ ವಾಪಸ್ ಕೊಟ್ಟು ಸಹಿ ಹಾಕಿಸ್ಕೊಂಡು ಬರಬೇಕು, ಒಂದು ಗೇಜ್ ಕಳೆದ್ರೆ ನಾವು ಬರೆಯೋ ಪತ್ರ ನೋಡಿದ್ರೆ ಗೊತ್ತಾಗುತ್ತೆ, ಇನ್ನು ಮಿಲಿಟರಿ ಬಿಡ್ತಾರಾ. ಮತ್ತೆ ತಾತ ಸ್ಯಾಪರ್. ಸ್ಯಾಪರ್ ಅಂದ್ರೆ ರಸ್ತೆ ಮಾಡೋದು, ಮೈನ್ ತೆಗೆಯೋದು, ನದಿಗೆ ಸೇತುವೆ ಹಾಕೋದು. ಬರ್ಮಾದ ಕಲೇವಾ ಹತ್ತಿರ ಚಿಂದ್ವಿನ್ ನದಿಗೆ 1944ರ ಡಿಸೆಂಬರಲ್ಲಿ ರೆಡಿ ಮಾಡಿದ ಉಕ್ಕಿನ ಚೌಕಟ್ಟು ಜೋಡಿಸಿ ಕಟ್ಟೋ 1154 ಅಡಿ ಉದ್ದದ ಬೈಲಿ ಸೇತುವೆ ಹಾಕಿದ್ರಲ್ಲ, ಅಂಥ ಕೆಲಸ. ತಾತ ನನಗೆ ಕತ್ತಿ ಬಗ್ಗೆ ಒಂದು ಮಾತೂ ಹೇಳಿದ್ದು ನೆನಪಿಲ್ಲ. ಗಂಟು ಹಾಕೋದು ಹೇಳಿಕೊಟ್ಟಿದ್ರು, ಹಗ್ಗದಲ್ಲಿ ಏಳೆಂಟು ಥರ, ಸೊಪ್ಪಿನ ಹೊರೆ ಸೈಕಲ್ಲಿಗೆ ಕಟ್ಟಿದ್ರೆ ಹಳ್ಳ ದಿಣ್ಣೆ ಹತ್ತಿಸಿದ್ರೂ ಅಲ್ಲಾಡ್ತಾ ಇರಲಿಲ್ಲ.

ಚಿಂತಾಮಣಿಯಲ್ಲಿ ನಮ್ಮ ದೊಡ್ಡತ್ತೆ ಇದ್ದಾರೆ, ಅಪ್ಪನಿಗಿಂತ ಹನ್ನೆರಡು ವರ್ಷ ದೊಡ್ಡೋರು, ಎಂಬತ್ತು ದಾಟಿದೆ, ಕಿವಿ ಮಂದ, ನೆನಪು ಮಂದ ಅಲ್ಲ. ಮಾವಿನಹಣ್ಣು ಕೊಡೋ ನೆಪದಲ್ಲಿ ಹೋದೆ. ಪೆನ್ಸಿಲ್ ಹಾಳೆ ತೋರಿಸಿದೆ, ಫೋನಲ್ಲಿ ಫೋಟೋ ದೊಡ್ಡದು ಮಾಡಿ ತೋರಿಸಿದೆ.

‘ಇದಾ? ಇದು ಅಮ್ಮ ಚಾಕಿ ಸೊಪ್ಪು ಹೆಚ್ಚೋಕೆ ಅಂತ ತರಿಸಿದ್ದಲ್ವೇನೋ’ ಅಂದ್ರು.

ಚಾಕಿ ಗೊತ್ತಿಲ್ಲದೋರಿಗೆ ಹೇಳ್ತೀನಿ, ಮೊಟ್ಟೆಯಿಂದ ಆಗಷ್ಟೇ ಎದ್ದ ಹುಳಕ್ಕೆ ಇಡೀ ಎಲೆ ತಿನ್ನೋಕೆ ಆಗಲ್ಲ, ಎಳೆ ಸೊಪ್ಪನ್ನ ಸಣ್ಣಗೆ ಹೆಚ್ಚಿ ಉದುರಿಸಬೇಕು. ಅದಕ್ಕೆ ಉದ್ದನೆ ಅಲಗಿನ ಕತ್ತಿ ಬೇಕು. ದೊಡ್ಡತ್ತೆ ಹೇಳಿದ್ದು ಇಷ್ಟು. ಯುದ್ಧ ಮುಗಿದು ತಾತ ಊರಿಗೆ ಬಂದಾಗ ಕೈಯಲ್ಲಿ ಇದ್ದಿದ್ದು ಒಂದು ಕಂಬಳಿ, ಒಂದು ಟ್ರಂಕು, ಒಂದು ಇನಾಮೆಲ್ ಮಗ್ಗು. ಕತ್ತಿ ಇರಲಿಲ್ಲ. ನಾಲ್ಕೈದು ವರ್ಷ ಆದ್ಮೇಲೆ, ಇವರಿಗೆ ಒಂಬತ್ತೋ ಹತ್ತೋ, ತಾತ ಏನೋ ಕೆಲಸಕ್ಕೆ ಬೆಂಗಳೂರಿಗೆ ಹೋದೋರು ಗುಜರಿ ಬಜಾರಲ್ಲಿ ಮಿಲಿಟರಿ ಸಾಮಾನು ರಾಶಿ ಹಾಕ್ಕೊಂಡು ಮಾರ್ತಾ ಇದ್ದಿದ್ದು ನೋಡಿದ್ರಂತೆ. ಬೂಟು, ಬಕೆಟ್ಟು, ಟಾರ್ಪಾಲು, ಅದರ ಮಧ್ಯೆ ಇದು. ಎರಡೂವರೆ ರೂಪಾಯಿ ಕೊಟ್ಟು ತಂದ್ರಂತೆ. ಅಜ್ಜಿ ಎರಡು ದಿನ ಸೊಪ್ಪು ಹೆಚ್ಚಿ ನೋಡಿ, ಇದು ಬರೀ ಚುಚ್ಚೋಕೆ ಲಾಯಕ್ಕು, ಕುಯ್ಯೋಕಲ್ಲ ಅಂತ ಬಿಸಾಕಿದ್ರಂತೆ. ಅಜ್ಜಿ ಯಾವ ಪುಸ್ತಕಾನೂ ಓದಿರಲಿಲ್ಲ, ನೂರಕ್ಕೆ ನೂರು ಸರಿ ಹೇಳಿದ್ರು. ಇಂಥ ಬಯೋನೆಟ್‌ಗಳಿಗೆ ಧಾರೆ ಹಿಡಿಯೋದು ಯುದ್ಧಕ್ಕೆ ಹೊರಡೋ ಮುಂಚೆ ಮಾತ್ರ, ಅದೂ ಹೇಳಿದ್ರೆ. ನಮ್ಮದರ ಧಾರೆ ಕಡೆ ಉದ್ದಕ್ಕೂ ಒಂದು ತಗ್ಗು ಇದೆ, ಸಾಣೆಕಲ್ಲಿಗೆ ಹಾಕಿ ಹಾಕಿ ಸವೆದಿದ್ದು. ಅದು ಬರ್ಮಾದ್ದಲ್ಲ, ಎರಡು ದಿನ ಪ್ರಯತ್ನಪಟ್ಟ ಅಜ್ಜಿದು.

‘ಮತ್ತೆ ಜಪಾನಿನೋನು?’ ಅಂತ ಜೋರಾಗಿ ಕೇಳಿದೆ.

‘ಯಾವ ಜಪಾನಿನೋನು ನಾಯನಾ? ಅಪ್ಪನಿಗೆ ಅಲ್ಲಿ ಮಲೇರಿಯಾ ಬಂದಿತ್ತು, ಅದನ್ನೇ ಸಾಯೋವರೆಗೂ ಹೇಳ್ಕೊಂಡಿದ್ರು’ ಅಂದ್ರು, ಹಣ್ಣು ಕಿವುಚೋಕೆ ಶುರು ಮಾಡಿದ್ರು.

ಅಪ್ಪ ಹುಟ್ಟಿದ್ದು ಕತ್ತಿ ಮನೆಗೆ ಬಂದ ಮೇಲೆ. ಕಣ್ಣು ಬಿಟ್ಟಾಗಿಂದ ಅದು ಟ್ರಂಕಲ್ಲೇ ಇದೆ, ಮಿಲಿಟರಿ ಕಂಬಳಿಯಲ್ಲೇ ಸುತ್ತಿದೆ, ಅವರಪ್ಪ ಮಿಲಿಟರಿಯೋನು. ಯಾವ ಹುಡುಗ ತಾನೆ ಎರಡೂ ಕೂಡಿಸಲ್ಲ ಹೇಳಿ. ತಾತನೂ ಇಲ್ಲ ಅಂತ ಹೇಳಿರಲಿಕ್ಕಿಲ್ಲ. ಬೇಡ ಅಂತ ಬಿಸಾಕಿದ್ದನ್ನ ಎತ್ತಿ ಕಂಬಳಿಯಲ್ಲಿ ಇಟ್ಟೋರು ಅವರೇ ಅಲ್ವಾ, ಎರಡೂವರೆ ರೂಪಾಯಿ ಕೊಟ್ಟಿದ್ದು ಚಾಕಿ ಸೊಪ್ಪಿಗೇನಾ ಅಂತ ನನಗೆ ಅನುಮಾನ.

ಇದನ್ನೆಲ್ಲಾ ಅಪ್ಪನಿಗೆ ಹೇಳಬಾರದು ಅಂತಾನೇ ಇದ್ದೆ. ದೊಡ್ಡತ್ತೆ ಅವತ್ತೇ ಸಾಯಂಕಾಲ ಫೋನ್ ಮಾಡಿ ಹೇಳಿಬಿಟ್ಟಿದ್ರು. ಆಯುಧ ಪೂಜೆಗೆ ಊರಿಗೆ ಹೋದಾಗ ಕತ್ತಿ ಮಣೆ ಮೇಲಿತ್ತು, ನಾನು ಎಣ್ಣೆ ಹಾಕಿ ತೆಗೆದ ಮುದ್ರೆ ಫಳ್ ಅಂತ ಕಾಣ್ತಿತ್ತು, ಅಪ್ಪ ಕುಂಕುಮದ ಬಟ್ಟಲು ಹಿಡ್ಕೊಂಡು ಬೊಟ್ಟು ಎಲ್ಲಿಡೋದು ಅಂತ ಬೆರಳು ಆ ಕಡೆ ಈ ಕಡೆ ಆಡಿಸ್ತಾ ಇದ್ರು. ಕೊನೆಗೆ ಮರದ ಹಿಡಿಗೆ ಇಟ್ರು. ಮಕ್ಕಳು ಕಥೆಗೆ ಕಾಯ್ಕೊಂಡು ಕೂತಿದ್ವು. ಅಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ರು,

‘ಎರಡೂವರೆ ಅಂದ್ಲಾ ಅಕ್ಕ?’

‘ಹೂಂ.’

‘ಒರೆ ಇಲ್ಲದೆ?’

‘ಒರೆ ವಿಷಯ ಹೇಳಲಿಲ್ಲ.’

‘ಜಾಸ್ತಿ ಆಯ್ತು’ ಅಂದ್ರು, ಬೆರಳು ಪಂಚೆಗೆ ಒರೆಸ್ಕೊಂಡು ಕರ್ಪೂರ ಹಚ್ಚಿದ್ರು.